ತೊಳೆದು ಕುಡಿಯದ ಬಟ್ಟಲು

ಸೋಮವಾರ ಬೆಳಿಗ್ಗೆ ವಸುಬೆನ್ ಮಹಡಿಯಲ್ಲಿ ಹರ್ಷದ್‌ರಾಯ್ ಬುಚ್ ಕಡಲೆಹಿಟ್ಟಿನ ಗರಿಗರಿ ಫಾಫ್ಡಾ ಎರಡನೆಯದನ್ನು ಮುರಿದು ಬಾಯಿಗಿಡುವುದಕ್ಕೂ ಮೃದುಲಾ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ಕುಸಿದು ಕೂರುವುದಕ್ಕೂ ಸರಿಹೋಯಿತು. ಕೊಯಲ್ ಪೋಳವೆಂಬ ಹಳೇ ಊರಿನ ಆ ಇಕ್ಕಟ್ಟು ಓಣಿಯ ಹೆಬ್ಬಾಗಿಲ ಪಕ್ಕದ ಔಷಧಿ ಅಂಗಡಿ ಅವಳದು. ಗಂಡ ಸತ್ತ ಮೇಲೆ ಆರು ವರ್ಷ ಒಬ್ಬಳೇ ನಡೆಸಿಕೊಂಡು ಬಂದವಳು, ಎಂಥ ಜಗಳಗಂಟ ಗಿರಾಕಿಗೂ ಸೊಪ್ಪು ಹಾಕದ ಗಟ್ಟಿಗಿತ್ತಿ. ಅವಳು ಹೀಗೆ ಕುಸಿದದ್ದನ್ನು ಹರ್ಷದ್‌ರಾಯ್ ಹಿಂದೆಂದೂ ಕಂಡಿರಲಿಲ್ಲ.

“ವಸುಮಾಸಿ, ಚೀಮನ್‌ಕಾಕಾನ್ನ ನಾನೇ ಕೊಂದೆ ಅಂತ ಆಡ್ಕೋತಿದಾರೆ,” ಎಂದಳು. “ನಾಳೆ ಸಂಜೆ ಇನ್ಸ್‌ಪೆಕ್ಟರ್ ಝಾಲಾ ಬಂದು ಕರ್ಕೊಂಡು ಹೋಗ್ತಾರಂತೆ. ಅಂಗಡಿ ಹೋದ್ರೆ ಹೋಗ್ಲಿ. ಆದ್ರೆ ನನ್ನ ಗಂಡ ಸತ್ತಾಗ ಮುಂದೆ ನಿಂತು ಅಂಗಡಿ ಬೀಗ ತೆಗ್ಸಿದೋರು ಅವರು. ಅವರನ್ನ ಕೊಂದೋಳು ಅನ್ನಿಸ್ಕೊಂಡು ನಾನು ಈ ಪೋಳದಲ್ಲಿ ಹೇಗೆ ಬದುಕ್ಲಿ?”

ವಸುಮತಿಬೆನ್ ದಲಾಲ್ ಪತ್ರಿಕೆ ಮಡಿಸಿಟ್ಟರು. ಮೂವತ್ತೆರಡು ವರ್ಷ ಸರ್ಕಾರಿ ಔಷಧಿ ಪರೀಕ್ಷಾಲಯದಲ್ಲಿ ಮಾತ್ರೆ ಪುಡಿ ಮಾಡಿ, ಕ್ಯಾಪ್ಸೂಲ್ ಬಿಚ್ಚಿ, ಅಸಲಿ ನಕಲಿ ಬೇರ್ಪಡಿಸಿ ನಿವೃತ್ತರಾದವರು. ಪೋಳದಲ್ಲಿ ಬಳೆ ಕಳೆದರೂ, ಹುಡುಗಿ ಓಡಿಹೋದರೂ ಜನ ಪೊಲೀಸರ ಹತ್ತಿರ ಹೋಗುವ ಮೊದಲು ಈ ಮೆಟ್ಟಿಲು ಹತ್ತುತ್ತಿದ್ದರು. ಕೆಳಗಿನ ಕೋಣೆಯ ಬಾಡಿಗೆದಾರ ಹರ್ಷದ್‌ರಾಯ್ ನಿವೃತ್ತ ಪೋಸ್ಟ್‌ಮಾಸ್ಟರ್. ವಸುಬೆನ್ ಹೋದಲ್ಲಿಗೆ ಹೋಗುವುದು, ಬಂದು ಊರಿಗೆಲ್ಲ ಹೇಳುವುದು, ಇವೇ ಈಗ ಅವರ ನೌಕರಿ.

“ಅಳು ಆಮೇಲೆ ಇಟ್ಕೋ,” ಎಂದರು ವಸುಬೆನ್. “ಶನಿವಾರ ಅವರಿಗೆ ಏನು ಕೊಟ್ಟೆ?”

“ವಸಡಲ್ಲಿ ಕೀವಾಗಿತ್ತು. ಡಾಕ್ಟರು ಎರಿತ್ರೋಮೈಸಿನ್ ಮಾತ್ರೆ ಬರ್ದಿದ್ರು. ಅದನ್ನೇ ಹತ್ತು ಕೊಟ್ಟೆ. ಕಾಕಾಗೆ ಪೆನ್ಸಿಲಿನ್ ಆಗಲ್ಲ ಅನ್ನೋದು ಈ ಪೋಳದ ನಾಯಿಗೂ ಗೊತ್ತು.”

ಗೊತ್ತಿರದೆ ಏನು. ನಲವತ್ತು ವರ್ಷದ ಹಿಂದೆ ಒಂದು ಪೆನಿಸಿಲಿನ್ ಚುಚ್ಚುಮದ್ದಿಗೆ ಮುಖ ಊದಿ, ಉಸಿರು ಕಟ್ಟಿ, ಸತ್ತು ಬದುಕಿದ ಕತೆಯನ್ನು ಚೀಮನ್‌ಲಾಲ್ ವಖಾರಿಯಾ ಪ್ರತಿ ಮದುವೆಯಲ್ಲೂ ಹೇಳುತ್ತಿದ್ದರು.

“ಅವರು ಸತ್ತ ಕೋಣೇಲಿ ಸಿಕ್ಕಿದ್ದೇನು?”

“ನನ್ನ ಅಂಗಡಿ ಕವರು. ಮೇಲೆ ನನ್ನದೇ ಅಕ್ಷರ, ‘ಊಟದ ನಂತರ ಎರಡು’ ಅಂತ. ಒಳಗೆ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಪಟ್ಟಿ, ಎರಡು ಖಾಲಿ. ನಾನು ಕೊಟ್ಟ ಮಾತ್ರೆ ಮನೇಲಿ ಎಲ್ಲೂ ಇಲ್ವಂತೆ.”

“ಅಮಾಕ್ಸಿಸಿಲಿನ್ ಅಂದ್ರೆ?” ಎಂದು ಹರ್ಷದ್‌ರಾಯ್ ನಡುವೆ ಬಾಯಿ ಹಾಕಿದರು.

“ಪೆನ್ಸಿಲಿನ್ನಿನ ಒಡಹುಟ್ಟಿದ ತಮ್ಮ,” ಎಂದರು ವಸುಬೆನ್. “ಕೆಮ್ಮು, ಕಿವಿನೋವು, ಕೀವು, ಎಲ್ಲಕ್ಕೂ ಮನೆಮನೇಲೂ ನುಂಗ್ತಾರೆ. ನಿಮಗೂ ನನಗೂ ಏನೂ ಆಗಲ್ಲ. ಚೀಮನ್‌ಭಾಯಿಗೆ ಮಾತ್ರ ವಿಷ.”

“ಪಾಪ, ಗುರುವಾರ ತಾನೆ ನನ್ನ ಹತ್ರ ಬಂದಿದ್ರು,” ಎಂದು ಹರ್ಷದ್‌ರಾಯ್ ಶುರುಮಾಡಿದರು. ಶುರುವಾದರೆ ನಿಲ್ಲುವ ಪೈಕಿ ಅಲ್ಲ ಅವರು. “ಔಷಧಿ ಪುಡೀನ ರಿಜಿಸ್ಟರ್ಡ್ ಪಾರ್ಸಲ್‌ನಲ್ಲಿ ಸರ್ಕಾರಿ ಆಫೀಸಿಗೆ ಕಳ್ಸಿದ್ರೆ ಕೆಡತ್ತಾ ಅಂತ ಕೇಳಿದ್ರು. ಬಿಳಿ ಬಟ್ಟೇಲಿ ಹೊಲ್ದು ಅರಗು ಹಾಕಿ ಅಂದೆ. ಸಂಜೆ ಜಗಲಿ ಮೇಲೆ ಎಲ್ಲರಿಗೂ ಹೇಳಿ ನಕ್ಕಿದ್ದೂ ನಕ್ಕಿದ್ದೇ, ಚೀಮನ್‌ಭಾಯಿ ಈ ವಯಸ್ಸಲ್ಲಿ ಸರ್ಕಾರಕ್ಕೆ ಚೂರ್ಣ ತಿನ್ನಿಸ್ತಾರಂತೆ ಅಂತ!”

ವಸುಬೆನ್ ತಟ್ಟೆಗೆ ಸುರಿದುಕೊಳ್ಳುತ್ತಿದ್ದ ಚಹಾ ಅರ್ಧಕ್ಕೆ ನಿಂತಿತು. ಅವರು ಹರ್ಷದ್‌ರಾಯ್ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಉಳಿದದ್ದನ್ನು ಸುರಿದು ಕುಡಿದು, ಚಪ್ಪಲಿ ಮೆಟ್ಟಿದರು.

ಮೊದಲು ಹೋದದ್ದು ಮೃದುಲಾಳ ಅಂಗಡಿಗೆ. ಕಪಾಟಿನಿಂದ ಅಮಾಕ್ಸಿಸಿಲಿನ್ ಪಟ್ಟಿಯೊಂದನ್ನು ತೆಗೆಸಿ, ಒಂದು ಕ್ಯಾಪ್ಸೂಲ್ ಬಿಚ್ಚಿ ಅಂಗೈಗೆ ಸುರಿದುಕೊಂಡರು. ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು. ಇನ್ನೊಂದು ಡಬ್ಬಿಯದನ್ನೂ ಬಿಚ್ಚಿ ಹಾಗೆಯೇ ಮಾಡಿದರು. ಅವರ ಮುಖ ಬಿಗಿಯಿತು.

“ಏನು ವಸುಬೆನ್? ಏನು?” ಎಂದು ಹರ್ಷದ್‌ರಾಯ್ ಬೆನ್ನು ಹತ್ತಿದರು.

“ಸುಮ್ನಿರಿ. ನಿಮ್ಮ ಹೊಟ್ಟೇಲಿ ಅನ್ನ ನಿಲ್ಲತ್ತೆ, ಮಾತು ನಿಲ್ಲಲ್ಲ.” ಎರಡೂ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಮೃದುಲಾಳತ್ತ ತಿರುಗಿದರು. “ಈ ಕಂಪನಿ ಸರಕು ಯಾವಾಗಿಂದ ಇಟ್ಟಿದೀಯಾ?”

“ಚಳಿಗಾಲದಿಂದ, ಮಾಸಿ. ಯಾಕೆ?”

“ಇವತ್ತಿಂದ ಒಂದು ಕ್ಯಾಪ್ಸೂಲೂ ಯಾರಿಗೂ ಕೊಡ್ಬೇಡ,” ಎಂದಷ್ಟೇ ಹೇಳಿ ಹೊರಟರು. ಮೃದುಲಾ ಹೆದರಿದ ಕಣ್ಣಿನಿಂದ ನೋಡುತ್ತ ನಿಂತಳು. ಹರ್ಷದ್‌ರಾಯ್ ಮನಸ್ಸಿನಲ್ಲಿ ಮೊದಲ ಬಾರಿ ಒಂದು ಸಂಶಯ ಹೊಕ್ಕಿತು. ಈ ಹೆಂಗಸು ನಿಜವಾಗಿಯೂ ಏನೋ ಮಾಡಿಕೊಂಡಿರಬಹುದೇ? ತಪ್ಪು ಮಾಡಿದವರೂ ಅಳುತ್ತಾರಲ್ಲ.

ಚೀಮನ್‌ಲಾಲರ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸೂತಕದ ಮನೆಗೆ ನೆರೆಯವರು ಖಿಚಡಿ, ಮಜ್ಜಿಗೆಯ ಕಢಿ ತಂದಿದ್ದರು. ಬಿಳಿಬಟ್ಟೆಯಲ್ಲಿ ಮೂವರು ಕೂತಿದ್ದರು. ಒಬ್ಬ ಮಗ ನಿಮೇಶ್, ಬಟ್ಟೆ ವ್ಯಾಪಾರಕ್ಕೆ ಮುಂಬಯಿಗೆ ಹೋಗಿದ್ದವನು ಭಾನುವಾರ ಬೆಳಗಿನ ಗಾಡಿಗೆ ಬಂದು ಅಪ್ಪನಿಗೆ ಬೆಂಕಿ ಇಟ್ಟಿದ್ದ. ಇನ್ನೊಬ್ಬಳು ಅವನ ಹೆಂಡತಿ ಹೇತಲ್. ಮೂರನೆಯವರು ಚೀಮನ್‌ಲಾಲರ ತಮ್ಮ ರಸಿಕ್‌ಲಾಲ್, ಪಕ್ಕದ ಪೋಳದವರು. ಮೃದುಲಾಳದೂ ಸೇರಿ ಹಳೇ ಊರಿನ ಅರ್ಧ ಔಷಧಿ ಅಂಗಡಿಗಳಿಗೆ ಸರಕು ಹಾಕುವ ಏಜೆನ್ಸಿ ಅವರದು. ಹೆಂಡತಿ ತೀರಿದ ಮೇಲೆ ದಿನವೂ ಸೂರ್ಯ ಮುಳುಗುವ ಮುಂಚಿನ ಊಟ ಅಣ್ಣನ ಜೊತೆಗೇ. ಆಮೇಲೆ ನೇರ ಜೈನ ಸಾಧುಗಳು ತಂಗುವ ಉಪಾಶ್ರಯಕ್ಕೆ, ದಿನದ ತಪ್ಪುಗಳಿಗೆ ಕ್ಷಮೆ ಬೇಡುವ ಸಂಜೆಯ ಪ್ರತಿಕ್ರಮಣಕ್ಕೆ. ಭಕ್ತಿಯಲ್ಲಿ ಇಡೀ ಓಣಿಗೇ ಮಾದರಿ.

“ಬನ್ನಿ ವಸುಬೆನ್,” ಎಂದರು ರಸಿಕ್‌ಲಾಲ್ ಸೋತ ದನಿಯಲ್ಲಿ. ಮೇ ತಿಂಗಳ ಉರಿಬಿಸಿಲಲ್ಲೂ ತುಂಬುತೋಳಿನ ಜುಬ್ಬಾದ ಗುಂಡಿ ಕತ್ತಿನವರೆಗೆ ಹಾಕಿಕೊಂಡಿದ್ದರು. ಕೊರಳಪಟ್ಟಿಯ ಮೇಲೆ ತಿಳಿಗುಲಾಬಿ ಬಣ್ಣದ ಕಲೆ ಇತ್ತು. ಗೋಡೆಯ ಸುಣ್ಣ ತಗುಲಿರಬೇಕೆಂದು ಹರ್ಷದ್‌ರಾಯ್ ಅಂದುಕೊಂಡರು. “ಮೃದುಲಾನ ಜೈಲಿಗೆ ಹಾಕಿದ್ರೆ ಅಣ್ಣ ಬರ್ತಾನಾ? ಒಂಟಿ ಹೆಂಗಸು, ಕೈತಪ್ಪಾಗಿದೆ. ನಾನೇ ಝಾಲಾ ಸಾಹೇಬ್ರ ಕೈಕಾಲು ಹಿಡೀತೀನಿ, ಬಿಟ್ಬಿಡಿ ಅಂತೀನಿ.”

ಎಂಥ ದೊಡ್ಡ ಮನಸ್ಸು ಎಂದು ಹರ್ಷದ್‌ರಾಯ್ ಕಣ್ಣು ಒದ್ದೆಯಾಯಿತು.

ಅಲ್ಲೇ ಊಟವಾಗುತ್ತಿತ್ತು. ನಿಮೇಶ್ ಅಳುತ್ತಲೇ ತಿಂದ. ತಿಂದು ಮುಗಿದ ಮೇಲೆ ತಟ್ಟೆಗೆ, ಬಟ್ಟಲಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದ. ಹೇತಲ್ ಕೂಡ ಹಾಗೇ ಮಾಡಿದಳು. ಎಂಜಲಲ್ಲಿ ಸಣ್ಣ ಜೀವ ಹುಟ್ಟಬಾರದೆಂದು ಜೈನರಾದ ಆ ಮನೆಯವರು ತಲೆತಲಾಂತರದಿಂದ ನಡೆಸಿದ ಪದ್ಧತಿ ಅದು. ಅವರ ಮನೆಯ ಎಂಜಲು ತಟ್ಟೆ ನಮ್ಮ ನಿಮ್ಮ ಮನೆಯ ತೊಳೆದ ತಟ್ಟೆಗಿಂತ ಚೊಕ್ಕಟ. ರಸಿಕ್‌ಲಾಲ್ ಮಾತ್ರ ಅರ್ಧ ಬಟ್ಟಲು ಕಢಿ ಬಿಟ್ಟು ಎದ್ದು ಕೈತೊಳೆದರು. ದುಃಖದಲ್ಲಿ ಊಟ ಗಂಟಲಿಗೆ ಇಳಿಯದು ಎಂದು ಹರ್ಷದ್‌ರಾಯ್ ಮರುಗಿದರು.

ಚೀಮನ್‌ಲಾಲ್ ಸತ್ತದ್ದು ಮೇಲಿನ ಕೋಣೆಯಲ್ಲಿ, ತೂಗುಮಣೆಯ ಮೇಲೆ. ಹೇತಲ್ ಅವರನ್ನು ಕರೆದುಕೊಂಡು ಹೋದಳು. ಸ್ಟೂಲಿನ ಮೇಲೆ ಕವರು ಇದ್ದ ಜಾಗ ತೋರಿಸಿದಳು. ಕಿಟಕಿಯ ಕಟ್ಟೆಯ ಮೇಲೆ ಎರಡು ಕ್ಯಾಪ್ಸೂಲುಗಳ ಖಾಲಿ ಕವಚ ಬಿದ್ದಿದ್ದವಂತೆ. ಎಲ್ಲವನ್ನೂ ಪೊಲೀಸರು ಒಯ್ದಿದ್ದರು.

“ಕವಚ ಯಾಕೆ ಹೊರಗೆ?” ಎಂದು ಕೇಳಿದರು ಹರ್ಷದ್‌ರಾಯ್.

“ಅದು ಪ್ರಾಣಿ ಮೂಳೆದು ಅಂತಾರಲ್ಲ, ಕಾಕಾ. ನಮ್ಮನೇಲಿ ಯಾರೂ ನುಂಗಲ್ಲ. ಬಿಚ್ಚಿ, ಪುಡೀನ ಸಕ್ಕರೆ ನೀರಲ್ಲಿ ಕಲ್ಸಿ ಕುಡೀತೀವಿ.”

“ಶನಿವಾರ ಸಂಜೆ ಏನೇನಾಯ್ತು, ಬಿಡದೆ ಹೇಳು,” ಎಂದರು ವಸುಬೆನ್.

“ಬಾಪುಜಿಗೆ ವಸಡು ನೋವು, ರೊಟ್ಟಿ ಅಗಿಯೋಕಾಗ್ತಿರ್ಲಿಲ್ಲ. ರಸಿಕ್‌ಕಾಕಾ ಕೇಸರ್ ಮಾವು ತಂದು, ತಾವೇ ಹಿಂಡಿ ರಸ ತೆಗೆದ್ರು. ಒಂದು ಸಣ್ಣ ಬಟ್ಟಲಲ್ಲಿ ಒಣಶುಂಠಿ ಕಲ್ಸಿ ಬಾಪುಜಿ ರಸಕ್ಕೆ ಹಾಕಿದ್ರು. ಆ ಸಣ್ಣ ಬಟ್ಟಲನ್ನೂ ತೊಳೆದು ಕುಡ್ದು ಮಗುಚಿಟ್ರು. ಬಾಪುಜಿನೂ ತಮ್ಮ ಬಟ್ಟಲು ತೊಳೆದು ಕುಡಿದ್ರು. ಆರೂಮುಕ್ಕಾಲಿಗೆ ಊಟ ಮುಗೀತು. ಕಾಕಾ ಬಾಪುಜೀನ ಮೇಲೆ ಕರ್ಕೊಂಡು ಹೋಗಿ ಕೂರಿಸಿ, ಏಳು ಗಂಟೆಗೆ ಉಪಾಶ್ರಯಕ್ಕೆ ಹೋದ್ರು. ನಾನು ಕೆಳಗೆ ಟಿವಿ ನೋಡ್ತಿದ್ದೆ. ಎಂಟಕ್ಕೆ ಹಾಸಿಗೆ ಹಾಸೋಕೆ ಬಂದ್ರೆ ಮುಖ ಊದಿ ಗುರುತೇ ಸಿಗ್ತಿರ್ಲಿಲ್ಲ.”

“ನಿನಗೂ ಬಾಪುಜಿಗೂ ಜಗಳ ಇತ್ತಂತಲ್ಲ?”

ಹೇತಲ್ ಮುಖ ಕಪ್ಪಿಟ್ಟಿತು. “ಯಾವ ಮನೇಲಿ ಇಲ್ಲ, ಮಾಸಿ?” ಎಂದವಳು ಮೆಲ್ಲನೆ ಹಿಂದೆ ಸರಿದು, ಮೂಲೆಯ ಗೋಧಿ ಡಬ್ಬಿಯ ಮುಂದೆ ನಿಂತಳು. ಡಬ್ಬಿಯ ಮುಚ್ಚಳದ ಸಂದಿಯಿಂದ ಪ್ಲಾಸ್ಟಿಕ್ ಚೂರೊಂದು ಇಣುಕುತ್ತಿತ್ತು. ಹರ್ಷದ್‌ರಾಯ್ ತಡೆಯಲಾರದೆ ಹೋಗಿ ಮುಚ್ಚಳ ಕಿತ್ತರು.

ಒಳಗಿದ್ದದ್ದು ಆಲೂಗಡ್ಡೆ ಚಿಪ್ಸಿನ ಪೊಟ್ಟಣ.

“ದಮ್ಮಯ್ಯ ಅಂತೀನಿ, ನಿಮೇಶ್‌ಗೆ ಹೇಳ್ಬೇಡಿ!” ಎಂದಳು ಹೇತಲ್ ಕೈಮುಗಿದು. ಗಡ್ಡೆ ಗೆಣಸು ಮುಟ್ಟದ ಮನೆ ಅದು. “ಬಾಪುಜಿ ಬೈತಿದ್ದಿದ್ದು ಇದಕ್ಕೇ. ಬೈದ್ರೂ ಯಾರಿಗೂ ಹೇಳಿರ್ಲಿಲ್ಲ ಪಾಪ.”

ವಸುಬೆನ್ ಆ ದಿನ ನಕ್ಕದ್ದು ಅದೊಂದೇ ಸಲ. “ತಿನ್ನಮ್ಮ ತಾಯಿ. ಅದಿರ್ಲಿ, ಇತ್ತೀಚೆಗೆ ಈ ಮನೇಲಿ ಅಮಾಕ್ಸಿಸಿಲಿನ್ ಯಾರಾದ್ರೂ ತಗೊಂಡಿದ್ರಾ?”

“ನಾನೇ. ಹೋದ ತಿಂಗಳು ಗಂಟಲಲ್ಲಿ ಕೀವಾಗಿ ಹತ್ತು ದಿನ ತಗೊಂಡೆ. ಏನೂ ಗುಣ ಕಾಣ್ಲಿಲ್ಲ, ಕೊನೆಗೆ ಆಸ್ಪತ್ರೆಗೆ ಸೇರ್ಸಿದ್ರು. ಬಾಪುಜಿ ನನ್ನ ಕ್ಯಾಪ್ಸೂಲ್ ಬಿಚ್ಚಿ ಮೂಸಿ, ಮೊದಲು ಈ ಪುಡಿ ವಾಸನೆ ಹೊಡೀತಿತ್ತು, ಈಗ್ಯಾಕೆ ರೊಟ್ಟಿ ಹಿಟ್ಟಿನ ಹಾಗಿದೆ ಅಂತಿದ್ರು.”

ವಸುಬೆನ್ ತೂಗುಮಣೆಯ ಹಿಂದಿನ ಗೋಡೆಗಪಾಟು ತೆರೆದರು. ಮಡಿಸಿದ ಧೋತರಗಳ ಕೆಳಗೆ ಬಿಳಿ ಬಟ್ಟೆಯಲ್ಲಿ ಹೊಲಿದ ಸಣ್ಣ ಪೊಟ್ಟಣವಿತ್ತು. ಒಂದು ಬದಿ ಮಾತ್ರ ಹೊಲಿಯದೆ ಬಿಟ್ಟಿತ್ತು, ಅರಗು ಇನ್ನೂ ಹಾಕಿರಲಿಲ್ಲ. ಹೊಲಿಗೆ ಹರ್ಷದ್‌ರಾಯ್ ಹೇಳಿಕೊಟ್ಟ ಹಾಗೆಯೇ ಇತ್ತು. ವಸುಬೆನ್ ಒಳಗಿನ ಕಾಗದವನ್ನು ಕಿಟಕಿಯ ಹತ್ತಿರ ಹೋಗಿ ಓದಿದರು, ಮತ್ತೆ ಮಡಿಸಿ ಪೊಟ್ಟಣದೊಳಗೇ ಇಟ್ಟರು, ಇಡೀ ಪೊಟ್ಟಣವನ್ನು ಚೀಲಕ್ಕೆ ಸೇರಿಸಿದರು.

ಆ ದಿನವೆಲ್ಲ ಹರ್ಷದ್‌ರಾಯ್‌ಗೆ ಕಂಡವರ ಮೇಲೆಲ್ಲ ಗುಮಾನಿ. ಮೃದುಲಾ ಸುಳ್ಳು ಹೇಳುತ್ತಿದ್ದಾಳೆಯೇ? ಚಿಪ್ಸಿಗೋಸ್ಕರ ಮಾವನನ್ನು ಯಾರಾದರೂ ಕೊಲ್ಲುತ್ತಾರೆಯೇ? ನಿಮೇಶ್ ನಿಜವಾಗಿ ಮುಂಬಯಿಯಲ್ಲಿದ್ದನೇ? ಸಂಜೆ ಹಾಲಿನವನು ಚೀಮನ್‌ಲಾಲರ ಮಾತು ಎತ್ತಿದಾಗ ಅವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ವಸುಬೆನ್ ಮಾತ್ರ ಬಾಗಿಲು ಹಾಕಿಕೊಂಡು ಝಾಲಾ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು.

ಮಂಗಳವಾರ ಸಂಜೆ ಐದೂವರೆಗೆ ಚೀಮನ್‌ಲಾಲರ ನಡುಮನೆಯಲ್ಲಿ ಎಲ್ಲರೂ ಸೇರಿದರು. ನಿಮೇಶ್, ಹೇತಲ್, ರಸಿಕ್‌ಲಾಲ್ ಒಂದು ಕಡೆ. ಗೋಡೆಗೆ ಒರಗಿ ಮೃದುಲಾ, ಮುಖದಲ್ಲಿ ರಕ್ತವೇ ಇಲ್ಲ. ಬಾಗಿಲ ಹತ್ತಿರ ಝಾಲಾ, ಹೊರಗೆ ಇಬ್ಬರು ಕಾನ್‌ಸ್ಟೇಬಲ್. ವಸುಬೆನ್ ತಾವೇ ಮಾಡಿದ ಖಿಚಡಿ, ಕಢಿಯ ಪಾತ್ರೆ ಹೊರಿಸಿಕೊಂಡು ಬಂದಿದ್ದರು.

“ಮೊದಲು ಊಟ. ಸೂರ್ಯ ನಮಗಾಗಿ ಕಾಯಲ್ಲ,” ಎಂದು ಎಲ್ಲರಿಗೂ ಬಡಿಸಿದರು. ಇನ್ಸ್‌ಪೆಕ್ಟರನಿಗೂ ಬಿಡಲಿಲ್ಲ.

ಊಟ ಮುಗಿಯಿತು. ವಸುಬೆನ್ ಎದ್ದು ನಿಂತರು. “ಹರ್ಷದ್‌ಭಾಯಿ, ಬಟ್ಟಲುಗಳನ್ನ ನೋಡಿ ಹೇಳಿ. ಯಾರದ್ದು ಹೇಗಿದೆ?”

“ನಂದೂ ಸಾಹೇಬ್ರದ್ದೂ ಎಂಜಲು. ನಾವು ತೊಳೆದು ಕುಡಿಯೋರಲ್ಲ. ನಿಮೇಶ್‌ದು ಚೊಕ್ಕ. ಹೇತಲ್‌ದು ಚೊಕ್ಕ. ಮೃದುಲಾದೂ, ನಿಮ್ಮದೂ ಚೊಕ್ಕ.” ಅವರು ಕೊನೆಯ ಬಟ್ಟಲಿನತ್ತ ಬಾಗಿದರು. “ರಸಿಕ್‌ಭಾಯಿದು… ಕಢಿ ಹಾಗೇ ಇದೆ.”

“ಮನಸ್ಸು ನೆಟ್ಟಗಿಲ್ಲ, ವಸುಬೆನ್,” ಎಂದರು ರಸಿಕ್‌ಲಾಲ್.

“ಮಗನಿಗಿಂತ ಹೆಚ್ಚು ದುಃಖವಾ? ನಿಮೇಶ್ ನಿನ್ನೆ ಕಣ್ಣೀರು ಸುರಿಸ್ತಾನೇ ತೊಳೆದು ಕುಡ್ದ. ಐದು ವರ್ಷಕ್ಕೆ ಕಲ್ತಿದ್ದನ್ನ ಅರವತ್ತೆರಡರವರೆಗೆ ಒಂದು ದಿನವೂ ಬಿಡದ ಮನುಷ್ಯ ನೀವು. ಶನಿವಾರದ ಮೇಲೆ ಬಿಟ್ಟಿದೀರಿ. ಯಾಕೆ?”

ಉತ್ತರಕ್ಕೆ ಅವರು ಕಾಯಲಿಲ್ಲ. ಚೀಲದಿಂದ ಎರಡು ಬಿಳಿ ತಟ್ಟೆ, ಒಂದು ಟಿಂಕ್ಚರ್ ಅಯೋಡಿನ್ ಬಾಟಲಿ ತೆಗೆದು ನೆಲದ ಮೇಲಿಟ್ಟರು.

“ಇದು ಹಿಟ್ಟಿನ ಮೇಲೆ ಬಿದ್ರೆ ಕಪ್ಪು ನೀಲಿ ಆಗತ್ತೆ. ಸಾಹೇಬ್ರೆ, ಚೀಮನ್‌ಭಾಯಿ ಹತ್ರ ಸಿಕ್ಕ ಪಟ್ಟಿ ಕೊಡಿ.” ಝಾಲಾ ಕೊಟ್ಟ. ಅದರ ಒಂದು ಕ್ಯಾಪ್ಸೂಲ್ ಬಿಚ್ಚಿ ಮೊದಲ ತಟ್ಟೆಗೆ ಸುರಿದರು. ಮೃದುಲಾಳ ಅಂಗಡಿಯದನ್ನು ಎರಡನೆಯದಕ್ಕೆ. ಎರಡರ ಮೇಲೂ ಅಯೋಡಿನ್ ಹನಿ ಹಾಕಿದರು. ಮೊದಲನೆಯದು ಕಂದಾಗಿಯೇ ಉಳಿಯಿತು. ಎರಡನೆಯದು ಕಣ್ಣೆದುರೇ ಶಾಯಿ ಚೆಲ್ಲಿದ ಹಾಗೆ ಕಪ್ಪಾಯಿತು.

“ಅಯ್ಯೋ ದೇವ್ರೇ,” ಎಂದಳು ಮೃದುಲಾ.

“ನಿನ್ನ ಅಂಗಡಿ ಕ್ಯಾಪ್ಸೂಲ್ ತುಂಬಾ ಮೆಕ್ಕೆಜೋಳದ ಹಿಟ್ಟು, ಮಗಳೇ. ನಿನಗೆ ಗೊತ್ತಿರ್ಲಿಲ್ಲ. ಆದ್ರೆ ನಿನ್ನನ್ನ ಉಳಿಸೋದೂ ಅದೇ. ನೀನು ಕೈತಪ್ಪಿ ನಿನ್ನ ಅಂಗಡಿ ಪಟ್ಟಿ ಕೊಟ್ಟಿದ್ರೆ ಚೀಮನ್‌ಭಾಯಿಗೆ ಏನೂ ಆಗ್ತಿರ್ಲಿಲ್ಲ, ಅರ್ಧ ರೊಟ್ಟಿ ತಿಂದ ಹಾಗೆ. ಅವರನ್ನ ಕೊಂದಿದ್ದು ಅಸಲಿ ಔಷಧಿ. ಅದು ಬೇರೆ ಕಡೆಯಿಂದ ಬಂತು.”

“ಕೊಲ್ಬೇಕು ಅಂದೋನು ಮೃದುಲಾ ಅಂಗಡೀಲೇ ಕೊಂಡ್ಕೋಬಹುದಿತ್ತಲ್ಲ?” ಎಂದ ಝಾಲಾ. “ನಾಲ್ಕು ಹೆಜ್ಜೆ ದೂರ.”

“ಅದೇ ಮಾತು! ನಾನಾಗಿದ್ರೂ, ಹೇತಲ್ ಆಗಿದ್ರೂ ಇಲ್ಲೇ ಕೊಳ್ತಿದ್ವಿ. ಇಲ್ಲಿರೋದು ಬರೀ ಹಿಟ್ಟು, ಇದರಿಂದ ಇರುವೆನೂ ಸಾಯಲ್ಲ ಅಂತ ಗೊತ್ತಿದ್ದೋನು ಮಾತ್ರ ಬೇರೆ ಕಡೆ ಹುಡುಕ್ಕೊಂಡು ಹೋಗ್ತಾನೆ. ಯಾರಿಗೆ ಗೊತ್ತಿರತ್ತೆ? ತುಂಬಿಸಿದೋನಿಗೆ.”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

“ಸುಳ್ಳು!” ರಸಿಕ್‌ಲಾಲ್ ಎದ್ದು ನಿಂತರು. “ನನಗೂ ಕಂಪನಿಯವರು ಮೋಸ ಮಾಡಿರ್ಬೇಕು. ನಾನು ಏಳು ಗಂಟೆಯಿಂದ ಉಪಾಶ್ರಯದಲ್ಲಿದ್ದೆ, ನಲವತ್ತು ಜನ ನೋಡಿದಾರೆ.”

“ಏಳರ ಮೇಲೆ ನಿಮಗೆ ಕೆಲಸ ಏನಿತ್ತು? ಆರೂವರೆಗೇ ಮುಗ್ಸಿದ್ರಿ. ಸಣ್ಣ ಬಟ್ಟಲಲ್ಲಿ ಒಣಶುಂಠಿ ಜೊತೆ ಪುಡಿ ಕಲ್ಸಿದ್ರಿ, ಶುಂಠಿ ಖಾರದಲ್ಲಿ ಅದರ ಕಹಿ ಗೊತ್ತಾಗಲ್ಲ. ಅಣ್ಣನ ರಸಕ್ಕೆ ಸುರಿದ್ರಿ. ಮೇಲೆ ಕೂರ್ಸೋವಾಗ ಎರಿತ್ರೋಮೈಸಿನ್ ಪಟ್ಟಿ ಜೇಬಿಗಿಳಿಸಿ, ಅದೇ ಕವರಿಗೆ ಇದನ್ನ ತುರುಕಿದ್ರಿ, ಕವಚ ಕಿಟಕಿ ಮೇಲಿಟ್ರಿ. ಆದ್ರೆ ನಡುವೆ ಒಂದು ಕೆಲಸ ಮಾಡಿದ್ರಿ, ಯೋಚ್ನೆನೂ ಮಾಡದೆ. ಕಲ್ಸಿದ ಬಟ್ಟಲಿಗೆ ನೀರು ಹಾಕಿ, ತೊಳೆದು, ಕುಡಿದ್ರಿ. ಬೇರೆ ಯಾವ ಕೊಲೆಗಾರನೂ ಹಾಗೆ ಮಾಡಲ್ಲ. ನಮ್ಮ ಮನೆಗಳಲ್ಲಿ ಹುಟ್ಟಿದೋರು ಮಾಡ್ತಾರೆ.” ವಸುಬೆನ್ ಒಂದು ಹೆಜ್ಜೆ ಮುಂದೆ ಬಂದರು. “ಅಣ್ಣನಿಗೆ ಆಗದ್ದು ತಮ್ಮನಿಗೂ ಆಗಲ್ಲ ಅನ್ನೋ ನಿಯಮ ಏನಿಲ್ಲ. ಆದ್ರೆ ನಿಮ್ಮ ವಿಷಯದಲ್ಲಿ ಹಾಗೇ ಆಯ್ತು. ತೋಳು ಮೇಲೆ ಮಾಡಿ.”

“ಯಾಕೆ ಮಾಡ್ಲಿ?”

ಝಾಲಾ ಕೈ ಹಿಡಿದು ಜುಬ್ಬಾದ ತೋಳು ಸರಿಸಿದ. ಮೊಣಕೈವರೆಗೆ ಪಿತ್ತದ ಗಂಧೆಯ ಹಾಗೆ ಕೆಂಪು ದದ್ದು, ಮೇಲೆಲ್ಲ ಗುಲಾಬಿ ಬಣ್ಣದ ಮುಲಾಮು ಒಣಗಿ ಬಿರುಕು ಬಿಟ್ಟಿತ್ತು. ಕೊರಳಪಟ್ಟಿಯ ಕಲೆ ಸುಣ್ಣದ್ದಲ್ಲವೆಂದು ಹರ್ಷದ್‌ರಾಯ್‌ಗೆ ಆಗ ಹೊಳೆಯಿತು.

“ಉಪಾಶ್ರಯದಲ್ಲಿ ಕೂತಿದ್ದಾಗ ಗಂಟಲು ಬಿಗಿದಿರ್ಬೇಕು,” ಎಂದರು ವಸುಬೆನ್. “ಮೇಲೆ ಅಣ್ಣನಿಗೆ ಏನಾಗ್ತಿದೆ ಅಂತ ನಿಮ್ಮ ಮೈಯೇ ನಿಮಗೆ ಹೇಳಿರತ್ತೆ. ಅಂದಿನಿಂದ ಬಟ್ಟಲಿಗೆ ನೀರು ಹಾಕೋಕೆ ಕೈ ಬರಲ್ಲ. ಹೌದಾ ಅಲ್ವಾ?”

ರಸಿಕ್‌ಲಾಲ್ ಜುಬ್ಬಾದ ತೋಳು ಕೆಳಗೆಳೆದುಕೊಂಡರು. ವಸುಬೆನ್ ಬಿಳಿ ಬಟ್ಟೆಯ ಪೊಟ್ಟಣ ತೆಗೆದರು. “ನಿಮ್ಮಣ್ಣ ಹಿಟ್ಟಿನ ಕ್ಯಾಪ್ಸೂಲನ್ನ ಸರ್ಕಾರಿ ಪರೀಕ್ಷೆಗೆ ಕಳ್ಸೋದರಲ್ಲಿದ್ರು. ನಿಮ್ಮನ್ನ ಹಿಡಿದುಕೊಡ್ತಾರೆ ಅಂತ ಹೆದರಿದ್ರಿ. ಅವರು ಏನು ಬರ್ದಿದ್ರು ಗೊತ್ತಾ? ಓದ್ತೀನಿ ಕೇಳಿ. ‘ನನ್ನ ತಮ್ಮ ರಸಿಕ್ ಈ ಸರಕನ್ನು ನಂಬಿ ಕೊಂಡು ಅಂಗಡಿಗಳಿಗೆ ಹಾಕುತ್ತಿದ್ದಾನೆ. ಅವನು ಧರ್ಮಭೀರು. ಯಾರೋ ಅವನಿಗೆ ಮೋಸ ಮಾಡುತ್ತಿದ್ದಾರೆ. ಅವನ ಹೆಸರು ಕೆಡುವ ಮೊದಲು ದಯವಿಟ್ಟು ಬೇಗ ಪರೀಕ್ಷೆ ಮಾಡಿ ತಿಳಿಸಬೇಕು.’”

ರಸಿಕ್‌ಲಾಲ್ ಇದ್ದಲ್ಲೇ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಇನ್ನು ಈ ಮನುಷ್ಯನಿಗೆ ‘ಅವರು’ ಎನ್ನಲು ನನಗೆ ಬಾಯಿ ಬಾರದು.

“ಒಂದು ಮಾತು ಕೇಳ್ಬಾರ್ದಿತ್ತಾ ಅವನು,” ಎಂದ. “ನನ್ನನ್ನ ಒಂದು ಮಾತು ಕೇಳಿದ್ರೆ… ಮೇಲೆ ಕೂರ್ಸಿದಾಗ್ಲೇ ಕೆಮ್ಮು ಶುರುವಾಗಿತ್ತು. ಬಾಗಿಲಲ್ಲಿ ತಿರುಗಿ ನೋಡ್ದೆ. ನೀರು ಬೇಕಾ ಅಂದೆ. ಸೂರ್ಯ ಮುಳುಗ್ತಾ ಬಂದ, ಇನ್ನು ನೀರು ಕುಡಿಯೋ ಹಾಗಿಲ್ಲ, ಬೇಡ, ನೀನು ಹೊರಡು, ಪ್ರತಿಕ್ರಮಣಕ್ಕೆ ತಡ ಆಗತ್ತೆ ಅಂದ.”

ನಿಮೇಶ್ ಚಿಕ್ಕಪ್ಪನ ಮೇಲೆ ಬೀಳಲು ಹೋದವನನ್ನು ಹೇತಲ್ ತಬ್ಬಿ ಹಿಡಿದಳು. ಮಧ್ಯಾಹ್ನವೇ ಝಾಲಾನ ಜನ ಏಜೆನ್ಸಿಯ ಗೋದಾಮಿಗೆ ಹೋಗಿದ್ದರು. ಅಲ್ಲಿ ಮೂಟೆಗಟ್ಟಲೆ ಖಾಲಿ ಕವಚ, ಜೋಳದ ಹಿಟ್ಟು, ತುಂಬಿಸುವ ಯಂತ್ರ ಸಿಕ್ಕಿದ್ದವು. ಮೇಜಿನ ಡ್ರಾಯರಿನಲ್ಲಿ ಎರಡು ಮಾತ್ರೆ ಖರ್ಚಾದ ಎರಿತ್ರೋಮೈಸಿನ್ ಪಟ್ಟಿಯೂ ಇತ್ತು. ಅಣ್ಣನನ್ನು ಕೊಂದ ಕೈಗೆ ಎಂಟು ಒಳ್ಳೆಯ ಮಾತ್ರೆ ಎಸೆಯಲು ಮನಸ್ಸು ಬಂದಿರಲಿಲ್ಲ.

ರಸಿಕ್‌ಲಾಲನನ್ನು ಕರೆದೊಯ್ದ ಮೇಲೂ ಮೃದುಲಾ ಗೋಡೆ ಬಿಟ್ಟು ಕದಲಲಿಲ್ಲ. “ಬಿಡುಗಡೆ ಆಯ್ತಲ್ಲಮ್ಮ, ಏಳು,” ಎಂದರು ಹರ್ಷದ್‌ರಾಯ್.

“ಚಳಿಗಾಲದಿಂದ ಎಷ್ಟು ಜನಕ್ಕೆ ಹಿಟ್ಟು ಕೊಟ್ಟೆ ಕಾಕಾ?” ಎಂದಳು ಅವಳು. “ನ್ಯುಮೋನಿಯಾ ಆಗಿದ್ದ ಶಾಂತಾಬಾಗೆ, ಹೊತ್ತು ಹೊತ್ತಿಗೆ ತಗೊಳ್ಳಿ ಅಂತ ನಾನೇ ಬೈದು ಕೊಟ್ಟು ಬಂದಿದ್ದೆ. ಅವರು ಹೋದ್ರು.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಅಂಗಡಿಗೆ ಹೋಗಲಿಲ್ಲ. ಪೋಳದ ಮೊದಲ ಮನೆಯ ಕದ ತಟ್ಟಿದಳು, ಆಮೇಲೆ ಎರಡನೆಯದು. ಒಂದೊಂದು ಮನೆಯಲ್ಲೂ ನಿಂತು, ಮನೆಯಲ್ಲಿರುವ ಕ್ಯಾಪ್ಸೂಲ್ ತಂದುಕೊಡಿ ಎಂದು ಕೈಯೊಡ್ಡಿ ಕೇಳಿದಳು.

ಜಗಲಿಯ ಮೇಲೆ ವಸುಬೆನ್ ಪಕ್ಕ ಹರ್ಷದ್‌ರಾಯ್ ಕೂತಿದ್ದರು. ಇದೇ ಜಗಲಿ. ಗುರುವಾರ ಸಂಜೆ ಇಲ್ಲಿಯೇ ಅವರು ಚೂರ್ಣದ ತಮಾಷೆ ಮಾಡಿದ್ದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಒಬ್ಬ ಮಾತ್ರ ನಕ್ಕಿರಲಿಲ್ಲ, ಎದ್ದು ಚಪ್ಪಲಿ ಹುಡುಕಿದ್ದ.

“ವಸುಬೆನ್, ಎಲ್ಲ ಹೇಳಿದ್ರಿ. ಪಾರ್ಸಲ್ ವಿಷಯ ರಸಿಕ್‌ಗೆ ಹೇಗೆ ಗೊತ್ತಾಯ್ತು ಅನ್ನೋದು ಮಾತ್ರ ಬಿಟ್ರಿ.”

“ಅದು ಯಾರಿಗೂ ಬೇಕಾಗಿರ್ಲಿಲ್ಲ.”

“ನನಗೆ ಬೇಕು. ನನ್ನ ಬಾಯಿಂದ ತಾನೆ?”

ವಸುಬೆನ್ ಸುಳ್ಳು ಹೇಳುವವರಲ್ಲ. “ಹೌದು,” ಎಂದರು. “ಸೋಮವಾರ ಫಾಫ್ಡಾ ತಿಂತಾ ನೀವೇ ಹೇಳಿದ್ರಿ. ನೀವು ನಗ್ಸೋಕೆ ಹೇಳಿದ್ರಿ, ಅವನು ಕೊಲ್ಲೋಕೆ ಕೇಳಿಸ್ಕೊಂಡ. ಎರಡೂ ಒಂದೇ ಅಲ್ಲ, ಹರ್ಷದ್‌ಭಾಯಿ. ಆದ್ರೂ ನಿಮಗೆ ನಿದ್ದೆ ಬರಲ್ಲ ಅಂತ ನನಗೆ ಗೊತ್ತು.”

ಹರ್ಷದ್‌ರಾಯ್ ಮುಖ ಮುಚ್ಚಿಕೊಂಡು ಅತ್ತರು. ವಸುಬೆನ್ ಅವರ ಹೆಗಲ ಮೇಲೆ ಕೈಯಿಟ್ಟರು.

ಪರೀಕ್ಷಾಲಯಕ್ಕೆ ಹೋಗಬೇಕಾದ ಮಾದರಿಗೆ ಝಾಲಾ ತನ್ನ ಮೊಹರು ಹಾಕಿಸಿದ. ಅಂಚೆಗೆ ತಾವೇ ಒಯ್ಯುತ್ತೇನೆಂದು ಹರ್ಷದ್‌ರಾಯ್ ಕೇಳಿಕೊಂಡರು. ಬುಧವಾರ ಬೆಳಿಗ್ಗೆ ಚೀಮನ್‌ಲಾಲರ ಅದೇ ಬಿಳಿ ಬಟ್ಟೆಯ ಬಿಟ್ಟ ಬದಿಯನ್ನು ತಮ್ಮ ಕೈಯಿಂದ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಒತ್ತಿ, ಇಪ್ಪತ್ತೆಂಟು ವರ್ಷ ತಾವು ಕೂತಿದ್ದ ಕಚೇರಿಯ ಸಾಲಿನಲ್ಲಿ ನಿಂತರು.

ಕಿಟಕಿಯೊಳಗಿನ ಗುಮಾಸ್ತ ಹಲ್ಲು ಕಿರಿದ. ಅವರ ಕೈಕೆಳಗೇ ಕೆಲಸ ಕಲಿತವನು. “ಏನು ಸಾಹೇಬ್ರೆ, ಭಾರೀ ಮೊಹರು! ಪೋಳದಲ್ಲಿ ಏನೋ ದೊಡ್ಡ ಗಲಾಟೆ ಅಂತೆ. ಹೇಳಿ, ಒಳಗೇನಿದೆ?”

ಹಿಂದೆ ಸಾಲಿನಲ್ಲಿದ್ದ ನಾಲ್ಕು ಜನ ಕಿವಿ ನಿಮಿರಿಸಿದರು. ಹರ್ಷದ್‌ರಾಯ್ ಬುಚ್ ಪಾರ್ಸಲನ್ನು ತಕ್ಕಡಿಯ ಮೇಲಿಟ್ಟರು, ರಸೀದಿಗೆ ಕೈಚಾಚಿದರು, ಬಾಯಿ ಮಾತ್ರ ತೆರೆಯಲಿಲ್ಲ.